ಶಾಲು ಬೇಡ, ಶನಿವಾರ ಕೊಡಿ

ಮಾಗಡಿ ರಸ್ತೆಯಿಂದ ವಿಜಯನಗರದವರೆಗಿನ ನಮ್ಮ ಬಡಾವಣೆಗಳಲ್ಲಿ ಗಣಿತ ಕಲಿಸಿದ ಮೇಷ್ಟರು, ಮೇಡಂಗಳು ಬಹಳ ಮಂದಿ. ಕೆಲವರ ಹೆಸರು ಟ್ಯುಟೋರಿಯಲ್‌ಗಳ ಫಲಕದ ಮೇಲಿದೆ, ಕೆಲವರದು ಗೈಡುಗಳ ರಕ್ಷಾಪುಟದ ಮೇಲಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿ, ಕಳೆದ ಮೇ ತಿಂಗಳ ಕೊನೆಗೆ ನಿವೃತ್ತರಾದ ಶ್ರೀಮತಿ ಎಚ್. ಎಂ. ಶಿವಕ್ಕನವರ ಹೆಸರು ಆ ಎರಡು ಕಡೆಯೂ ಇಲ್ಲ. ಅದು ಇರುವುದು ಗೋವಿಂದರಾಜನಗರದ ಅಡುಗೆಮನೆಗಳಲ್ಲಿ. ಹಳೆಯ ಹಾಡೊಂದನ್ನು ಗುನುಗುತ್ತ ಸೊಪ್ಪು ಬಿಡಿಸುವ, ಮಕ್ಕಳು ಮಲಗಿದ ಮಧ್ಯಾಹ್ನದಲ್ಲಿ ದಪ್ಪ ಕಾದಂಬರಿಯೊಂದರ ನಾಲ್ಕು ಪುಟ ಓದಿ ಗುರುತಿಗೆ ಬಾಚಣಿಗೆ ಇಟ್ಟು ಮುಚ್ಚುವ ಹೆಂಗಸರು ನಮ್ಮಲ್ಲಿ ಇನ್ನೂ ಉಳಿದಿದ್ದರೆ, ಆ ಉಳಿಕೆಯ ಹಿಂದೆ ಈ ಗಣಿತದ ಮೇಡಂ ಇದ್ದಾರೆ.

ಅವರ ಅಭಿನಂದನ ಗ್ರಂಥಕ್ಕೆ ಲೇಖನ ಬರೆಯಬೇಕೆಂದು ಸಮಿತಿಯವರು ಕೇಳಿದಾಗ ಸಂತೋಷದಿಂದಲೇ ಒಪ್ಪಿಕೊಂಡೆ. ಈಗ ಬರೆಯಲು ಕುಳಿತಾಗ ಸಂತೋಷ ಇಲ್ಲ. ಕಾರಣವನ್ನು ಮುಚ್ಚಿಡುವುದಿಲ್ಲ. ಸಮಿತಿಯ ಕಾರ್ಯದರ್ಶಿ ದೇವೇಂದ್ರಪ್ಪನವರು ಅದೇ ಶಾಲೆಯಲ್ಲಿ ನನಗಿಂತ ಹತ್ತು ವರ್ಷ ಮೊದಲು ಓದಿದವರು, ಮೇಡಂ ಅವರ ಮೆಚ್ಚಿನ ಶಿಷ್ಯರು. ಏನು ಬರೆಯಬೇಕೆಂದು ನಾನು ಕೇಳಿದ್ದಕ್ಕೆ ಅವರು ಫೋನಿನಲ್ಲಿ ಕೊಟ್ಟ ಸಲಹೆ ಇದು:

"ನೋಡಮ್ಮ ರಾಗಿಣಿ, ಸೆಂಟ್ ಪರ್ಸೆಂಟ್ ರಿಸಲ್ಟ್ ಬಗ್ಗೆ ಬರಿ. ಆ ಶನಿವಾರದ ಸಿನಿಮಾ ವಿಷಯ ಸ್ವಲ್ಪ ಕಮ್ಮಿ ಮಾಡು. ಟೈಮ್‌ಪಾಸ್ ಮಾಡಿಸ್ತಿದ್ರು ಅಂತ ಚೀಫ್ ಗೆಸ್ಟ್ ಅಂದ್ಕೊಂಡ್ರೆ ಮೇಡಂಗೇ ಅವಮಾನ ಅಲ್ವಾ?"

ಆಗಲಿ ಅಣ್ಣ ಎಂದು ಫೋನ್ ಇಟ್ಟೆ. ಕುಕ್ಕರ್ ಕೂಗುತ್ತಿತ್ತು, ಅಷ್ಟರಲ್ಲಿ ವಾದ ಮಾಡುವುದಕ್ಕೆ ಆಗಲಿಲ್ಲ. ಈಗ ಮಾಡುತ್ತೇನೆ. ನಾನು ಶನಿವಾರದ ವಿಷಯವನ್ನೇ ಬರೆಯುತ್ತೇನೆ. ಫಲಿತಾಂಶದ ವಿಷಯ ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದೆ, ಬೇಕಾದವರು ಓದಿಕೊಳ್ಳಬಹುದು.

ಶಿವಕ್ಕನವರು ಹರಿಹರದ ಕಡೆಯವರು. ಮದುವೆಯಾಗಿ ಬೆಂಗಳೂರಿಗೆ ಬಂದು ನಮ್ಮ ಶಾಲೆ ಸೇರಿದಾಗ ಅಲ್ಲಿ ಪಾಠಕ್ಕೆ ಕೋಣೆಗಳಿದ್ದವು, ಮಕ್ಕಳಿಗೆ ಆಟದ ಬಯಲಿರಲಿಲ್ಲ. ಹಿಂಬದಿಯಲ್ಲಿ ಒಂದು ಕ್ರಾಫ್ಟ್ ಕೋಣೆ ಇತ್ತು. ಹೊಲಿಗೆ ಟೀಚರ್ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಮುರಿದ ಬೆಂಚುಗಳನ್ನು ಅಲ್ಲಿ ಪೇರಿಸಿದ್ದರು. ಮೇಡಂ ಅದರ ಬೀಗದ ಕೈ ಕೇಳಿ ಪಡೆದು, ಬೆಂಚುಗಳನ್ನು ಸರಿಸಿ, ನೆಲ ತೊಳೆದು, ಮನೆಯಿಂದ ನಾಲ್ಕು ಚಾಪೆ ತಂದು ಹಾಸಿದರು. ನಾನು ಎಂಟನೆಯ ತರಗತಿಗೆ ಸೇರುವ ಹೊತ್ತಿಗೆ ಆ ಕೋಣೆಯಲ್ಲಿ ಒಂದು ಟಿ.ವಿ., ಒಂದು ಸಿ.ಡಿ. ಪ್ಲೇಯರ್, ಪುಸ್ತಕ ಮತ್ತು ಡಿಸ್ಕುಗಳಿದ್ದ ಒಂದು ತಗಡಿನ ಪೆಟ್ಟಿಗೆ ಸೇರಿದ್ದವು. ಶನಿವಾರ ಬೆಳಗಿನ ತರಗತಿ ಮುಗಿಸಿ, ಮನೆಗೆ ಹೋಗಿ ಊಟ ಮಾಡಿ, ನಾಲ್ಕು ಗಂಟೆಗೆ ಇಷ್ಟವಿದ್ದವರು ಬರಬಹುದಿತ್ತು. ಬಂದವರಿಗೆ ಮೇಡಂ ಅವರ ಯಜಮಾನರಾದ ಏಕಾಂತಯ್ಯನವರು ಒಗ್ಗರಣೆ ಹಾಕಿದ ಮಂಡಕ್ಕಿಯನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು.

ಆ ಕೋಣೆಗೆ ಎರಡು ಕಟ್ಟಳೆಗಳಿದ್ದವು. ಒಂದು, ಬರಿಗೈಯಲ್ಲಿ ಯಾರೂ ಬರಬಾರದು. ಹೂ ಕಟ್ಟುವವರು ಹೂ ತರಬೇಕು, ಕಸೂತಿ ಹಾಕುವವರು ಬಟ್ಟೆ ತರಬೇಕು, ಏನೂ ಇಲ್ಲದವರು ಮನೆಯಿಂದ ಬಿಡಿಸಬೇಕಾದ ಬೆಳ್ಳುಳ್ಳಿಯನ್ನಾದರೂ ತರಬೇಕು. ಕೈಗೆ ಕೆಲಸವಿದ್ದರೆ ಕಣ್ಣು ನೆಟ್ಟಗೆ ಕೂರುತ್ತದೆ ಎಂದು ಅವರ ನಂಬಿಕೆ. ಇನ್ನೊಂದು ಕಟ್ಟಳೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಕೋಣೆಯಲ್ಲಿ ಯಾವ ಸಿನಿಮಾವನ್ನೂ ಒಂದೇ ದಿನ ಪೂರ್ತಿ ನೋಡುತ್ತಿರಲಿಲ್ಲ. ಮಧ್ಯಂತರ ಎಂಬ ಅಕ್ಷರ ತೆರೆಯ ಮೇಲೆ ಬಂದ ಕೂಡಲೇ ಮೇಡಂ ಎದ್ದು ಗುಂಡಿ ಒತ್ತುತ್ತಿದ್ದರು. ಉಳಿದರ್ಧ ಮುಂದಿನ ಶನಿವಾರಕ್ಕೆ.

ಇದು ಶುರುವಾದದ್ದು ಹೆಣ್ಣುಮಕ್ಕಳು ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು ಎಂಬ ಕಾರಣಕ್ಕೆ. ಆಮೇಲೆ ಅದೇ ರುಚಿಯಾಯಿತು. ಆಗಿನ ಹಳೆಯ ಚಿತ್ರಗಳು ಎರಡು ಡಿಸ್ಕುಗಳಲ್ಲಿ ಬರುತ್ತಿದ್ದವು. ಮೊದಲನೆಯದು ಮುಗಿದ ಮೇಲೆ ಮೇಡಂ ಅದನ್ನು ತಮ್ಮ ಚೀಲದಲ್ಲಿ ಹಾಕಿಕೊಳ್ಳುವರು. ಎರಡನೆಯದು ಕೋಣೆಯ ಪೆಟ್ಟಿಗೆಯಲ್ಲಿ, ಬೀಗದೊಳಗೆ. ಎರಡೂ ಒಂದೇ ಕಡೆ ಇದ್ದರೆ ಆಸೆ ತಡೆಯುವುದಿಲ್ಲ ಎನ್ನುತ್ತಿದ್ದರು. ಕಾದಂಬರಿಗಳನ್ನು ಓದುವಾಗಲೂ ಹೀಗೆಯೇ. ಜೋರಾಗಿ ಓದುತ್ತ ಓದುತ್ತ, ಬಾಗಿಲು ತಟ್ಟಿದ ಸದ್ದಾಯಿತು ಎಂಬ ವಾಕ್ಯಕ್ಕೆ ಬಂದರೆ ಪುಸ್ತಕ ಮುಚ್ಚಿಯೇ ಬಿಡುವರು. ನಾವೆಲ್ಲ ಹೋ ಎಂದು ಗಲಾಟೆ ಮಾಡಿದರೆ, "ಒಂದು ವಾರ ಅದು ನಿಮ್ ಮನ್ಯಾಗೇ ಇರ್ಲಿ ಬಿಡ್ರವ್ವ, ಏನ್ ಬಾಡಿಗೆ ಕೇಳುತ್ತಾ?" ಎನ್ನುವರು.

ಆ ಮಾತು ನಿಜವಾಗಿತ್ತು. ಅರ್ಧ ನೋಡಿದ ಕಥೆ ಏಳು ದಿನ ನಮ್ಮೊಂದಿಗೆ ಬಾಳುತ್ತಿತ್ತು. ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ ನಾಯಕಿಯ ಪರ ವಿರೋಧ ವಾದಗಳಾಗುತ್ತಿದ್ದವು. ಮೊದಲೇ ನೋಡಿದವರು ಬಾಯಿ ಬಿಡುವಂತಿರಲಿಲ್ಲ. ಬಿಟ್ಟರೆ ಮುಂದಿನ ವಾರ ಅವರು ಎಲ್ಲರ ಮಂಡಕ್ಕಿ ಪೇಪರು ಬಳಿದು ಎಸೆಯಬೇಕು. ಎಲ್ಲವನ್ನೂ ಮೊದಲೇ ನೋಡಿರುತ್ತಿದ್ದ ಮೇಡಂ ಮಾತ್ರ ಏನು ಕೇಳಿದರೂ ನಗುತ್ತ ಸುಮ್ಮನಿರುತ್ತಿದ್ದರು. ಗುಟ್ಟು ಕಾಯುವುದು ಅವರ ಪಾಲಿಗೆ ಬಂದ ಕೆಲಸವೆಂದು ನಾವು ತಿಳಿದಿದ್ದೆವು. ಅದಕ್ಕೂ ಒಂದು ಬೇಸರ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ನನ್ನ ತಂದೆಯವರದು ಗೋವಿಂದರಾಜನಗರದಲ್ಲಿ ದಿನಸಿ ಅಂಗಡಿ. ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ಗಣಿತದಲ್ಲಿ ನಪಾಸಾದಾಗ ಅವರು ನನ್ನ ಶನಿವಾರ ನಿಲ್ಲಿಸಿದರು. ಅದರಲ್ಲಿ ತಪ್ಪು ಹುಡುಕಲಾರೆ. ಗಣಿತದ ಮೇಡಂ ಸಿನಿಮಾ ತೋರಿಸಿ, ಮಗಳು ಗಣಿತದಲ್ಲೇ ಬಿದ್ದರೆ ಯಾವ ತಂದೆ ಸುಮ್ಮನಿರುತ್ತಾನೆ. ಸೋಮವಾರ ಸಂಜೆ ಮೇಡಂ ಅಂಗಡಿಗೆ ಬಂದರು. ಗಿರಾಕಿಗಳಿದ್ದರು. ಮೂಟೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಸುಮ್ಮನೆ ಕಾಯುವುದು ಅವರ ಜಾಯಮಾನವಲ್ಲವಾದ್ದರಿಂದ, ಮೊರದಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿಯತೊಡಗಿದರು. ಅಂಗಡಿ ಖಾಲಿಯಾದ ಮೇಲೆ ತಂದೆಯವರಿಗೆ ಹೇಳಿದ್ದು ಇಷ್ಟೇ. "ಲೆಕ್ಕ ಕಲಿಸೋದು ನನ್ ಕೆಲಸ ಯಜಮಾನ್ರೆ, ಅದು ನಾನು ಸೋಮವಾರದಿಂದ ಶುಕ್ರವಾರ ಮಾಡ್ತೀನಿ. ಶನಿವಾರ ಅವಳ್ದು. ಅದನ್ನ ಕಸ್ಕಂಡ್ರೆ ಉಳಿದ ಐದು ದಿನಾನೂ ಅವಳು ಓದಲ್ಲ."

ತಂದೆಯವರು ಅವರಿಗೆ ಒಂದು ಬೆಲ್ಲದ ಅಚ್ಚು ಕೊಟ್ಟು ಕಳಿಸಿದರು. ಅದು ಅವರ ಒಪ್ಪಿಗೆ. ಆ ವರ್ಷವೆಲ್ಲ ಮೇಡಂ ಪ್ರತಿ ಸಂಜೆ ನನ್ನನ್ನು ಉಳಿಸಿಕೊಂಡು ಲೆಕ್ಕ ಮಾಡಿಸಿದರು. ನಾನು ಪಾಸಾದೆ. ಸಮಿತಿಯವರು ಹೆಮ್ಮೆ ಪಡುವ ಸೆಂಟ್ ಪರ್ಸೆಂಟ್ ರಿಸಲ್ಟಿನಲ್ಲಿ ನಾನೂ ಒಬ್ಬಳು. ಅದು ಶನಿವಾರವಿಲ್ಲದೆ ಬರುತ್ತಿರಲಿಲ್ಲ.

ಮದುವೆಯಾಗಿ ಕೆಲವು ವರ್ಷ ಬೇರೆ ಕಡೆ ಇದ್ದು, ಮತ್ತೆ ಇದೇ ಗೋವಿಂದರಾಜನಗರದಲ್ಲಿ ಬಾಡಿಗೆ ಮನೆಗೆ ಬಂದಾಗ ನಾನು ಬಸುರಿ. ಅಷ್ಟರಲ್ಲಿ ಶನಿವಾರದ ಕೋಣೆಗೆ ಹಳೆಯ ವಿದ್ಯಾರ್ಥಿನಿಯರೂ ಅಕ್ಕಪಕ್ಕದ ಗೃಹಿಣಿಯರೂ ಬರತೊಡಗಿದ್ದರು. ಟಿ.ವಿ.ಯ ಜಾಗದಲ್ಲಿ ಪ್ರೊಜೆಕ್ಟರ್ ಬಂದಿತ್ತು. ತೆರೆಯಾಗಿ ಏಕಾಂತಯ್ಯನವರ ಬಿಳಿ ಪಂಚೆ. ಅವರೆಕಾಯಿಯ ಕಾಲ. ಎಲ್ಲರ ಮಡಿಲಲ್ಲೂ ಸೊಗಡು, ನೆಲದ ತುಂಬ ಸಿಪ್ಪೆ. ಅಂದು ನಾವು ನೋಡಿದ ಅರ್ಧದಲ್ಲಿ ಒಬ್ಬ ಸಂಗೀತದ ಮೇಷ್ಟರು ಕಳೆದುಹೋದ ಮಗಳನ್ನು ಹುಡುಕುತ್ತ ಹೊರಟಿದ್ದರು. ಉಳಿದರ್ಧ ನೋಡುವ ಮೊದಲೇ ನನಗೆ ಹೆರಿಗೆಯಾಯಿತು. ರಕ್ಷಾ ಹುಟ್ಟಿದಳು, ತೂಕ ಕಡಿಮೆ. ಅವಳನ್ನು ಎದೆಗೆ ಕಟ್ಟಿಕೊಂಡು ಬಾಣಂತಿ ಕೋಣೆಯಿಂದ ಹೊರಗೆ ಬಾರದೆ ಕಳೆದ ಆ ತಿಂಗಳುಗಳಲ್ಲಿ ಮನೆಯ ಗೋಡೆಗಳು ನನ್ನ ಮೇಲೆ ಬೀಳುವಂತೆ ಅನ್ನಿಸುತ್ತಿತ್ತು. ಆಗ ಮೇಡಂ ಬಂದರು, ಮಗುವಿಗೆ ಕುಲಾವಿ, ನನಗೆ ಖಾರದ ಪುಡಿ ಹಿಡಿದು. ಸಿನಿಮಾದ ಕೊನೆ ಏನಾಯಿತೆಂದು ಕೇಳಿದೆ.

"ಯಾರಿಗ್ ಗೊತ್ತು? ನಿನ್ ಅರ್ಧ ಹಂಗೇ ಇಟ್ಟೀವಿ. ನೀನ್ ಬಂದ್ಮ್ಯಾಲೆ ಹಾಕದು."

ನಂಬಲಿಲ್ಲ. ಆಮೇಲೆ ತಿಳಿಯಿತು. ಅಷ್ಟು ಜನ ಹೆಂಗಸರು ಬೇರೆ ಬೇರೆ ಸಿನಿಮಾಗಳನ್ನು ನೋಡಿಕೊಂಡು, ಆ ಒಂದನ್ನು ನನಗಾಗಿ ನಿಲ್ಲಿಸಿಟ್ಟಿದ್ದರು. ಮಗುವಿಗೆ ಮೂರು ತಿಂಗಳಾದ ಮೇಲೆ ಅದನ್ನು ಎತ್ತಿಕೊಂಡು ಹೋದೆ. ಎರಡನೇ ಡಿಸ್ಕು ಹಾಕಿದರು. ಸಂಗೀತದ ಮೇಷ್ಟರಿಗೆ ಮಗಳು ಸಿಕ್ಕಳು. ನಾನು ಅತ್ತುಬಿಟ್ಟೆ, ನನ್ನ ಪಕ್ಕದಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಿದ್ದ ಅಲಮೇಲು ಮಾಮಿ ತಮ್ಮ ಕೈಯಲ್ಲಿದ್ದ ರೇಷ್ಮೆ ದಾರದ ಗೊಂಚಲಿನಿಂದಲೇ ನನ್ನ ಕಣ್ಣು ಒರೆಸಿದರು, ಆಮೇಲೆ ಗಿರಾಕಿಯ ದಾರ ಒದ್ದೆಯಾಯಿತೆಂದು ಬೈದರು.

ಇದನ್ನು ಟೈಮ್‌ಪಾಸ್ ಎಂದು ಕರೆಯುವವರಿಗೆ ನನ್ನದೊಂದು ಮಾತಿದೆ. ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಬಿ ಕಟ್ಟಿ, ನೀರು ತುಂಬಿಸಿ, ಬಟ್ಟೆ ಒಣಹಾಕಿ, ಮಕ್ಕಳ ಟೆಸ್ಟು, ಹಿರಿಯರ ಮಾತ್ರೆ, ಗ್ಯಾಸಿನ ಬುಕ್ಕಿಂಗ್ ಎಲ್ಲ ನೋಡುವ ಹೆಂಗಸಿನ ಟೈಮು ತಾನಾಗಿಯೇ ಪಾಸಾಗುತ್ತದೆ. ಅವಳಿಗೆ ಬೇಕಾದದ್ದು ಒಂದಿಷ್ಟು ನಿಲ್ಲುವ ಟೈಮು. ಶನಿವಾರದ ಆ ಒಂದೂವರೆ ಗಂಟೆ ನಿಲ್ಲುತ್ತಿತ್ತು. ಅದಕ್ಕೆ ಟಿಕೆಟ್ಟಿಲ್ಲ, ಸೀರೆ ಬದಲಿಸಬೇಕಾಗಿಲ್ಲ, ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಮನೆಯ ಕೆಲಸವೂ ನಿಲ್ಲುತ್ತಿರಲಿಲ್ಲ, ಬಿಡಿಸಿದ ಅವರೆಕಾಳು ರಾತ್ರಿಯ ಹುಳಿಗೆ ಬರುತ್ತಿತ್ತು. ನನ್ನ ಮಗಳು ಆ ಚಾಪೆಯ ಮೇಲೆ ಬೋರಲು ಬಿದ್ದಳು, ಅಂಬೆಗಾಲಿಟ್ಟಳು, ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೊಗಳನ್ನು ಬೆರಳಿನಿಂದ ಮೇಲೆ ತಳ್ಳುತ್ತ ಕೂರುವ ಅವಳ ವಯಸ್ಸಿನ ಹುಡುಗಿಯೊಬ್ಬಳು ಕಪ್ಪು-ಬಿಳುಪಿನ ಚಿತ್ರದ ಅರ್ಧ ನೋಡಿ ಒಂದು ವಾರ ಕಾಯುತ್ತಾಳೆಂದರೆ ಅದು ಸಣ್ಣ ಕಲಿಕೆಯಲ್ಲ. ಕಾಯುವುದನ್ನು ನಾನು ಅವಳಿಗೆ ಕಲಿಸಲಿಲ್ಲ. ಮೇಡಂ ಕಲಿಸಿದರು.

ಮೇಡಂ ಅವರ ಸೇವೆಯ ಕೊನೆಯ ದಿನವೇ ಶನಿವಾರವಾಗಿ ಬಂದಿತ್ತು. ಬೆಳಿಗ್ಗೆ ಶಾಲೆಯಲ್ಲಿ ಹಾರ, ಹಣ್ಣು, ಭಾಷಣ. ಸಂಜೆ ನಾಲ್ಕಕ್ಕೆ ಎಂದಿನಂತೆ ಕೋಣೆ. ಅಂದು ಅವರು ಹಾಕಿದ್ದು ಏಕಾಂತಯ್ಯನವರು ಎಲ್ಲೋ ದೂರದ ಊರಿನಲ್ಲಿ, ಬಾಗಿಲು ಮುಚ್ಚುತ್ತಿದ್ದ ಸಿ.ಡಿ. ಅಂಗಡಿಯಿಂದ ಹಿಂದೆಂದೋ ತಂದುಕೊಟ್ಟ ಚಿತ್ರ. ಹೆಚ್ಚು ಓಡಿದ್ದಲ್ಲ, ಯಾರೂ ಹೆಸರು ಕೇಳಿದ್ದಲ್ಲ. ಹಾರ್ಮೋನಿಯಂ ದುರಸ್ತಿ ಮಾಡುವವನ ಮಗಳು ಗಂಡನ ಮನೆಯ ಒಡವೆಗಳನ್ನು ದೇವರ ಮುಂದೆ ಬಿಚ್ಚಿಟ್ಟು, ಟ್ರಂಕು ಹಿಡಿದು ರೈಲ್ವೆ ನಿಲ್ದಾಣಕ್ಕೆ ಬರುತ್ತಾಳೆ. ರೈಲು ನಿಂತಿದೆ. ಅಷ್ಟರಲ್ಲಿ ಆಚೆಯಿಂದ ಮಾವ, ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು, ಪಂಚೆ ಎತ್ತಿ ಓಡೋಡಿ ಬರುತ್ತಿದ್ದಾನೆ. ಏನೋ ಕೂಗುತ್ತಾನೆ, ರೈಲಿನ ಸದ್ದಿನಲ್ಲಿ ಕೇಳಿಸುವುದಿಲ್ಲ. ಅವಳ ಒಂದು ಕಾಲು ರೈಲಿನ ಮೆಟ್ಟಿಲ ಮೇಲಿದೆ, ಇನ್ನೊಂದು ನೆಲದ ಮೇಲೆ. ಮಧ್ಯಂತರ.

ಅಂದು ದೇವೇಂದ್ರಪ್ಪನವರೂ ಬಂದಿದ್ದರು, ಅಭಿನಂದನ ಗ್ರಂಥಕ್ಕೆ ಫೋಟೊ ತೆಗೆಸಲು. ಬರಿಗೈಯಲ್ಲಿ ಬಂದಿದ್ದರಿಂದ ಅವರ ಮುಂದೆ ಮೇಡಂ ಒಂದು ಮುಷ್ಟಿ ಬೆಳ್ಳುಳ್ಳಿ ಸುರಿದರು. ಐದು ನಿಮಿಷವಿದ್ದು ಹೋಗುತ್ತೇನೆಂದು ಚಪ್ಪಲಿಯ ಹತ್ತಿರವೇ ಕುಳಿತವರು ಮಧ್ಯಂತರದವರೆಗೂ ಏಳಲಿಲ್ಲ. ಬೆಳ್ಳುಳ್ಳಿಯನ್ನು ಪೂರ್ತಿ ಬಿಡಿಸಿದ್ದರು. ಹೊರಡುವಾಗ ಅಲಮೇಲು ಮಾಮಿ, "ಮಾವ ಊಟದ ಗಂಟು ತಂದಿದಾರೆ, ತಡೆಯಕ್ಕಲ್ಲ, ನೋಡ್ತಿರಿ ಬೇಕಾದ್ರೆ" ಎಂದು ಪಂಥ ಕಟ್ಟಿದರು. ಒಡವೆ ಕದ್ದಿದ್ದಾಳೆಂದು ಪೊಲೀಸರನ್ನು ಕರೆತರುತ್ತಿದ್ದಾನೆ ಎಂದು ನನ್ನ ಮಗಳ ವಾದ. ಮೇಡಂ ಆ ದಿನ ಎಂದಿಗಿಂತ ಹೆಚ್ಚು ಮಾತಾಡಿದರು, ಅವರೂ ಊಹೆ ಹೇಳಿದರು. ನಮಗೆ ಆಶ್ಚರ್ಯವಾಯಿತು. ನಿವೃತ್ತಿಯ ಸಂಭ್ರಮವೆಂದುಕೊಂಡೆವು. ಅವರು ಮೊದಲ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡರು. ಎರಡನೆಯದು ಪೆಟ್ಟಿಗೆಯಲ್ಲಿ ಉಳಿಯಿತು. ಹೆಡ್‌ಮಾಸ್ಟರು ಮೇಡಂ ಅವರಿಗೆ, ನಿವೃತ್ತಿಯಾದರೇನು, ಶನಿವಾರ ಕೋಣೆ ನಿಮ್ಮದೇ ಎಂದು ಬೆಳಿಗ್ಗೆಯೇ ಎಲ್ಲರ ಮುಂದೆ ಹೇಳಿದ್ದರು.

ಮುಂದಿನ ಶನಿವಾರ ನಾವು ಹೋದಾಗ ಬಾಗಿಲಿಗೆ ಹೊಸ ಬೀಗ. ಹೊರಗೆ ಸಿಮೆಂಟಿನ ಮೂಟೆಗಳು. ಕಿಟಕಿಯಿಂದ ನೋಡಿದರೆ ಕೋಣೆ ಬರಿದು. ಚಾಪೆ ಇಲ್ಲ, ಪಂಚೆ ಇಲ್ಲ, ಪೆಟ್ಟಿಗೆ ಇಲ್ಲ. ಜವಾನ ರುದ್ರೇಶ ಓಡಿ ಬಂದ.

"ಮೇಡಂ, ಸರ್ಪ್ರೈಸ್ ಕೊಡ್ಬೇಕು, ಹೇಳ್ಬೇಡ ಅಂದಿದ್ರು ಕಮಿಟಿಯೋರು. ನಿಮ್ ಹೆಸ್ರಲ್ಲೇ ಸ್ಮಾರ್ಟ್ ಕ್ಲಾಸ್ ಮಾಡ್ತಾವ್ರೆ. ಹಳೇ ಸಾಮಾನೆಲ್ಲ ಗುಜರಿಗೆ ಹಾಕಿ ಕ್ಲೀನ್ ಮಾಡ್ಸಿದ್ರು. ಕೀ ಕಮಿಟಿಯೋರ ಹತ್ರ ಐತೆ."

ಮಂಡಕ್ಕಿಯ ಚೀಲ ಹಿಡಿದು ನಿಂತಿದ್ದ ಮೇಡಂ, "ಹೌದಾ, ಭಾಳ ಚಲೋ ಆತು" ಎಂದರು. ಅವನ ಕೈಗೂ ಒಂದು ಪೊಟ್ಟಣ ಮಂಡಕ್ಕಿ ಕೊಟ್ಟರು. ಆಮೇಲೆ ಬಂದ ದಾರಿಯಲ್ಲಿ ಹಿಂತಿರುಗಿದರು. ಏಕಾಂತಯ್ಯನವರು ಅವರ ಕೈಯಿಂದ ಚೀಲವನ್ನು ತೆಗೆದುಕೊಂಡದ್ದು ಮಾತ್ರ ನನಗೆ ಕಣ್ಣಿಗೆ ಕಟ್ಟಿದಂತಿದೆ. ಸಾಮಾನ್ಯವಾಗಿ ಮೇಡಂ ತಮ್ಮ ಚೀಲವನ್ನು ಹಾಗೆ ಕೊಡುವವರಲ್ಲ.

ಸಮಿತಿಯವರೇ, ನೀವು ಕೆಟ್ಟವರಲ್ಲ. ಪ್ರೀತಿಯಿಂದಲೇ ಮಾಡಿದಿರಿ. ನನಗೆ ಸಿಟ್ಟು ಬರುವುದು ಅದಕ್ಕೇ. ಯಾರನ್ನು ಗೌರವಿಸಬೇಕೆಂದಿರೋ ಅವರನ್ನು ಏನು ಬೇಕೆಂದು ಒಂದು ಮಾತು ಕೇಳಲಿಲ್ಲ. ಅವರ ಜೀವಮಾನದ ಸಂಗ್ರಹ ನಿಮಗೆ ಹಳೇ ಸಾಮಾನಾಗಿ ಕಂಡಿತು. ಆ ಕೋಣೆಗೆ ಈಗ ಗ್ರಾನೈಟ್ ನೆಲವಿದೆ, ನೆಲಕ್ಕೆ ಬಿಗಿದ ಬೆಂಚುಗಳಿವೆ, ಗೋಡೆಯಷ್ಟಗಲದ ಪರದೆಯಿದೆ. ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಶಿವಕ್ಕ ಸ್ಮಾರ್ಟ್ ತರಗತಿ ಎಂದಿದೆ. ಶನಿವಾರ ಮಧ್ಯಾಹ್ನ ಎರಡರಿಂದ ಏಳರವರೆಗೆ ಅಲ್ಲಿ ಹೊರಗಿನ ಸಂಸ್ಥೆಯೊಂದರ ಕೋಚಿಂಗ್. ಯಾವ ಮೇಡಂ ಶನಿವಾರ ಮಕ್ಕಳದು ಎಂದು ಅಂಗಡಿ ಅಂಗಡಿಗೆ ಹೋಗಿ ಬೇಡಿಕೊಂಡರೋ, ಅವರ ಹೆಸರನ್ನೇ ಬಾಗಿಲಿಗೆ ಹೊಡೆದು ಮಕ್ಕಳ ಶನಿವಾರವನ್ನು ಕಿತ್ತುಕೊಂಡಿದ್ದೀರಿ. ಇದಕ್ಕಿಂತ ದೊಡ್ಡ ಅವಮಾನವನ್ನು ಅವರ ಶತ್ರುಗಳೂ ಯೋಚಿಸಲಾರರು. ಅದೂ ಅವರಿಗೆ ಶತ್ರುಗಳಿದ್ದರೆ.

ನಾವು ಗುಜರಿಯವರನ್ನು ಹುಡುಕಿಕೊಂಡು ಹೋದೆವು. ಮಾಗಡಿ ರಸ್ತೆಯ ಆ ಅಂಗಡಿಯವರು ಒಳ್ಳೆಯವರೇ, ಪೆಟ್ಟಿಗೆಯನ್ನು ನೆನಪಿಸಿಕೊಂಡರು. ತಗಡು ಬೇರೆ, ಕಾಗದ ಬೇರೆ, ಪ್ಲಾಸ್ಟಿಕ್ ಬೇರೆ ಮಾಡಿ ಲೋಡು ಆಗಲೇ ಹೋಗಿತ್ತು. ರಕ್ಷಾ ಇಂಟರ್‌ನೆಟ್ಟಿನಲ್ಲಿ ಹುಡುಕಿದಳು, ಅವಳ ಗೆಳತಿಯರೂ ಹುಡುಕಿದರು. ಆ ಸಿನಿಮಾದ ಒಂದು ಹಾಡು ಸಿಕ್ಕಿತು, ಉಳಿದದ್ದು ಸಿಗಲಿಲ್ಲ.

ಅಲಮೇಲು ಮಾಮಿಯ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ, ಕಾರಿಲ್ಲದ ಪುಣ್ಯದಿಂದ, ಒಂದು ಶನಿವಾರ ಎಲ್ಲರೂ ಸೇರಿದೆವು. ನುಗ್ಗೆಸೊಪ್ಪು ಬಿಡಿಸುತ್ತಿದ್ದೆವು. ಮಾಮಿ ಎಲ್ಲರ ಪರವಾಗಿ ಬಾಯಿಬಿಟ್ಟರು. "ಮೇಡಂ, ಕಟ್ಟಳೆ ಮುರಿದು ಈ ಒಂದು ಸಲ ಬಾಯಲ್ಲೇ ಹೇಳ್ಬಿಡಿ. ರೈಲು ಹತ್ತಿದ್ಲಾ, ಇಲ್ವಾ? ನಂಗೆ ಕುಚ್ಚು ಕಟ್ಟೋವಾಗೆಲ್ಲ ಅವಳ ಕಾಲೇ ಕಣ್ಮುಂದೆ ಬರತ್ತೆ."

ಮೇಡಂ ಸೊಪ್ಪಿನ ಕಡ್ಡಿಯನ್ನು ಬದಿಗೆ ಹಾಕಿ, ಇನ್ನೊಂದನ್ನು ಕೈಗೆತ್ತಿಕೊಂಡರು.

"ನಾನೂ ನೋಡಿಲ್ಲ ಕಣ್ರವ್ವ," ಎಂದರು.

ಏಕಾಂತಯ್ಯನವರು ಗೇಟಿನ ಕಡೆ ನೋಡುತ್ತ ಕುಳಿತಿದ್ದರು. ಅವರೇ ಮುಂದಿನದನ್ನು ಹೇಳಿದರು. ಪ್ರತಿ ಸಿನಿಮಾವನ್ನೂ ತಾವು ಮೊದಲೇ ನೋಡಿ, ಮಕ್ಕಳಿಗೆ ತಕ್ಕುದೆಂದು ಖಚಿತಪಡಿಸಿಕೊಂಡು ಆಮೇಲೆ ಹಾಕುವುದು ಮೇಡಂ ಅವರ ಪದ್ಧತಿ. ಅದರಿಂದ ಇಷ್ಟು ವರ್ಷವೂ ಎಲ್ಲರೂ ಊಹೆ ಮಾಡುವಾಗ ಅವರು ಮಾತ್ರ ಬಾಯಿ ಮುಚ್ಚಿ ಕೂರಬೇಕಾಗಿತ್ತು. ಒಂದು ಸಲವಾದರೂ ನಾನೂ ಏನೂ ಗೊತ್ತಿಲ್ಲದೆ ಒಂದು ವಾರ ಕಾಯಬೇಕು ಎಂಬುದು ಮೇಡಂ ಅವರ ಆಸೆ. ಅದಕ್ಕಾಗಿ ಈ ಒಂದು ಸಿನಿಮಾವನ್ನು ನೋಡದೆ ನಿವೃತ್ತಿಯ ದಿನಕ್ಕೆಂದು ವರ್ಷಗಟ್ಟಲೆ ಮುಟ್ಟದೆ ಇಟ್ಟಿದ್ದರು.

ನಮ್ಮ ಮುಖ ನೋಡಿ ಮೇಡಂ ಅವರೇ ನಮ್ಮನ್ನು ಸಮಾಧಾನಪಡಿಸಿದರು. "ಹೋಗ್ಲಿ ಬಿಡ್ರಿ. ವಾರ ಇನ್ನೂ ಮುಗ್ದಿಲ್ಲ ಅಂದ್ಕಂಡ್ರಾತು."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗುವವರಲ್ಲ. ನಾನೂ ಸಾಮಾನ್ಯವಾಗಿ ಆಗುವವಳಲ್ಲ. ಮಕ್ಕಳ ಮೇಲೆ ಕೈ ಎತ್ತದೆ, ಮನೆಯವರ ಮೇಲೆ ದನಿ ಎತ್ತದೆ ದಿನ ಕಳೆಯುವುದು ನನಗೆ ರೂಢಿ. ಆದರೆ ಎಲ್ಲರೂ ತಾಳಿಕೊಂಡರೆ ತಾಳ್ಮೆಯೇ ತಪ್ಪು ಮಾಡಿದವರಿಗೆ ರಸೀತಿಯಾಗುತ್ತದೆ. ಆ ರಸೀತಿಯನ್ನು ನಾನು ಬರೆದುಕೊಡುವುದಿಲ್ಲ.

ಇಲ್ಲಿಯವರೆಗೆ ಬರೆದು ಸಮಿತಿಗೆ ಕಳಿಸಿದ್ದೆ. ಲೇಖನ ಮುಗಿಯಿತೆಂದುಕೊಂಡಿದ್ದೆ. ನಿನ್ನೆ ಇಡ್ಲಿ ಹಿಟ್ಟು ರುಬ್ಬುತ್ತಿರುವಾಗ ದೇವೇಂದ್ರಪ್ಪನವರ ಫೋನ್ ಬಂದದ್ದರಿಂದ ಇನ್ನಷ್ಟು ಬರೆಯಬೇಕಾಗಿದೆ.

ಬೈಯುತ್ತಾರೆಂದು ಕಾದೆ. ಮೊದಲಿಗೆ ಇದನ್ನು ಗ್ರಂಥದಲ್ಲಿ ಹಾಕುವುದು ಕಷ್ಟ ಎಂದರು. ಹಾಕದಿದ್ದರೆ ನನ್ನ ಹೆಸರನ್ನೂ ತೆಗೆಯಿರಿ ಎಂದೆ. ನಾವು ಒಳ್ಳೆಯದಕ್ಕೇ ಮಾಡಿದ್ದು ಎಂದರು. ಅದನ್ನು ಲೇಖನದಲ್ಲಿ ಬರೆದಿದ್ದೇನಲ್ಲ, ಓದಲಿಲ್ಲವೇ ಎಂದೆ. ಬೈಗುಳ ಸರಿಯಾಗಿ ಕೇಳಿಸಲೆಂದು ಗ್ರೈಂಡರ್ ಆಫ್ ಮಾಡಿದೆ.

"ಅಲ್ಲಮ್ಮ," ಎಂದರು, "ಮತ್ತೆ ಆ ಹುಡುಗಿ ರೈಲು ಹತ್ತಿದ್ಲೋ ಇಲ್ವೋ, ಯಾರಿಗೂ ಗೊತ್ತಾಗೋದೇ ಇಲ್ವಾ?"

"ನಿಮ್ಮ ಗುಜರಿಯವರಿಗೆ ಗೊತ್ತು ಅಣ್ಣ," ಎಂದೆ. "ಅವರನ್ನ ಕೇಳಿ."

ಅದು ಒರಟು ಮಾತು. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಬೆಳ್ಳುಳ್ಳಿ ಬಿಡಿಸುತ್ತ ಮಧ್ಯಂತರದವರೆಗೆ ಕುಳಿತ ಮನುಷ್ಯನಿಗೆ ಎರಡು ತಿಂಗಳಾದರೂ ಆ ಹುಡುಗಿಯ ಕಾಲು ಮರೆತಿಲ್ಲ ಎಂಬುದು ನನಗೆ ಆ ಒಂದು ಪ್ರಶ್ನೆಯಲ್ಲಿ ಕೇಳಿಸಿತು. ಟೈಮ್‌ಪಾಸ್ ಎಂದವರು ಅವರೇ. ಅದು ಅವರ ಮನೆಯಲ್ಲೂ ಬಾಡಿಗೆ ಕೇಳದೆ ಕುಳಿತಿದೆ. ಲೇಖನವನ್ನು ಒಂದಕ್ಷರ ತೆಗೆಯದೆ ಹಾಕುತ್ತೇನೆಂದರು. ಕೋಣೆಯ ವಿಷಯ ಕೇಳಿದ್ದಕ್ಕೆ, ನೋಡೋಣ, ಸಂಸ್ಥೆಯವರ ಜೊತೆ ವರ್ಷದ ಒಪ್ಪಂದವಾಗಿದೆ ಎಂದರು. ನೋಡೋಣ ಎಂಬುದು ನಮ್ಮೂರಿನಲ್ಲಿ ಇಲ್ಲ ಎಂಬುದರ ಮರ್ಯಾದಸ್ಥ ರೂಪ. ನಾನು ಒಪ್ಪಲಿಲ್ಲ, ಇಲ್ಲಿ ಮತ್ತೊಮ್ಮೆ ಒಪ್ಪುವುದಿಲ್ಲ.

ಅಭಿನಂದನ ಸಮಾರಂಭ ಬರುವ ಶನಿವಾರ ಮಧ್ಯಾಹ್ನ ಎರಡಕ್ಕೆ, ಶಾಲೆಯ ಸಭಾಂಗಣದಲ್ಲಿ. ಅದಕ್ಕಾಗಿ ಅಂದು ಕೋಚಿಂಗಿಗೆ ರಜೆ. ಈ ಗ್ರಂಥ ಅಂದೇ ಬಿಡುಗಡೆಯಾಗುತ್ತದೆ. ಓದುವವರು ಭಾಷಣಗಳ ನಡುವೆ ಇದನ್ನು ಓದುತ್ತಿರಬಹುದು. ಮೇಡಂ ಅವರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಫಲತಾಂಬೂಲ ಕೊಡಿ. ಅದೆಲ್ಲ ಅವರಿಗೆ ಸಲ್ಲಬೇಕಾದದ್ದೇ. ಆದರೆ ಒಂದು ಆಯ್ಕೆ ಮಾಡಬೇಕಾಗಿ ಬಂದರೆ ಶಾಲು ಬೇಡ, ಶನಿವಾರ ಕೊಡಿ. ಕೋಚಿಂಗಿಗೆ ವಾರದಲ್ಲಿ ಬೇರೆ ಸಂಜೆಗಳಿವೆ. ಬೆಂಚುಗಳನ್ನು ನೆಲಕ್ಕೆ ಬಿಗಿದಿದ್ದರೆ ಅವುಗಳ ನಡುವೆಯೇ ಚಾಪೆ ಹಾಸಿಕೊಳ್ಳುತ್ತೇವೆ. ಆ ದೊಡ್ಡ ಪರದೆ ನಮಗೂ ಇಷ್ಟವೇ. ಏಕಾಂತಯ್ಯನವರ ಪಂಚೆ ಅವರಿಗೆ ವಾಪಸಾಗಲಿ.

ಮೇಡಂ, ನೂರು ವರ್ಷ ಬಾಳಿ ಎಂದು ನಿಮ್ಮನ್ನು ಹರಸುವ ವಯಸ್ಸು ನನ್ನದಲ್ಲ, ಬೇಡಿಕೊಳ್ಳುವ ವಯಸ್ಸು. ನೀವು ಬಹಳ ಕಾಲ ಗಟ್ಟಿಯಾಗಿರಬೇಕು. ನನ್ನ ಮಗಳಿಗೆ ಮಗುವಾಗಿ ಅವಳು ಬಾಣಂತಿ ಕೋಣೆಯೊಳಗೆ ಸಿಕ್ಕಿಕೊಂಡಾಗ, ನಿನ್ನ ಅರ್ಧ ಹಾಗೇ ಇಟ್ಟಿದ್ದೇವೆ ಎಂದು ಹೇಳಲು ಯಾರಾದರೂ ಬೇಕು. ಆ ರೈಲು ನಿಂತಲ್ಲೇ ನಿಂತಿರಲಿ. ಎಲ್ಲಾದರೂ, ಯಾರದಾದರೂ ಅಟ್ಟದ ಮೇಲೆ ಆ ಎರಡನೇ ಡಿಸ್ಕು ಇದ್ದೇ ಇರುತ್ತದೆ. ಇದನ್ನು ಓದಿದವರು ನಿಮ್ಮ ಹಳೆಯ ಪೆಟ್ಟಿಗೆಗಳನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ.

ಬರುವ ಶನಿವಾರ ನಾಲ್ಕು ಗಂಟೆಗೆ, ಭಾಷಣ ಯಾರದೇ ನಡೆಯುತ್ತಿರಲಿ, ನಾವು ಹೆಂಗಸರೆಲ್ಲ ಎದ್ದು ನಮ್ಮ ಚಾಪೆಗಳನ್ನು ತೆಗೆದುಕೊಂಡು ಹಿಂಬದಿಯ ಕೋಣೆಯ ಕಡೆಗೆ ನಡೆಯುತ್ತೇವೆ. ಮೇಡಂ ಅವರನ್ನೂ ಕರೆದುಕೊಂಡು ಹೋಗುತ್ತೇವೆ. ಬಾಗಿಲು ತೆರೆದಿದ್ದರೆ ಒಳಗೆ ಕೂರುತ್ತೇವೆ, ಮುಚ್ಚಿದ್ದರೆ ಹೊರಗೆ, ಅವರ ಹೆಸರಿನ ಹಿತ್ತಾಳೆಯ ಅಕ್ಷರಗಳ ಕೆಳಗೆ. ಸೊಪ್ಪು, ಕುಚ್ಚಿನ ಸೀರೆ, ಮಲ್ಲಿಗೆ ಮೊಗ್ಗು ನಮ್ಮ ಹತ್ತಿರ ಇರುತ್ತವೆ. ಮೊದಲ ಡಿಸ್ಕು ಮೇಡಂ ಅವರ ಚೀಲದಲ್ಲಿದೆ.

ದೇವೇಂದ್ರಣ್ಣ, ನೀವೂ ಬನ್ನಿ. ಅಲ್ಲಿಗೆ ಬರಿಗೈಯಲ್ಲಿ ಯಾರೂ ಬರುವಂತಿಲ್ಲ, ನಿಮಗೆ ಗೊತ್ತು. ನೀವು ಬೀಗದ ಕೈ ತನ್ನಿ.